ಸುಳ್ಳು ಸಾಕ್ಷಿ, ಸರಿಯಾದ ತೀರ್ಪು

ಅಡುಗೆ ಕಟ್ಟೆಗೆ ಗ್ರಾನೈಟ್ ಆರಿಸಲು ಜಿಗಣಿಗೆ ಹೋಗಿದ್ದೆವು. ಬೆಂಗಳೂರಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಈ ಓಡಾಟ ಗೊತ್ತೇ ಇರುತ್ತದೆ. ಧೂಳು, ಲಾರಿ, ಸಾಲಾಗಿ ಒರಗಿಸಿಟ್ಟ ಸ್ಲ್ಯಾಬುಗಳು, ಬಣ್ಣ ಸರಿಯಾಗಿ ಕಾಣಲಿ ಅಂತ ಬಾಟಲಿಯಿಂದ ನೀರು ಎರಚುವ ಹುಡುಗ. ಅಂಗಡಿಯವರು ಎರಡು ಸ್ಲ್ಯಾಬು ಪಕ್ಕಪಕ್ಕ ತೋರಿಸಿದರು. ಎರಡರಲ್ಲೂ ಬಿಳಿ, ತಿಳಿಗೆಂಪು, ಬೂದು ಪಟ್ಟೆಗಳು ಅಲೆಅಲೆಯಾಗಿ ಹರಿದಿದ್ದವು. ಎರಡಕ್ಕೂ ಜುಪರಾನಾ ಅನ್ನುವ ಹೆಸರೇ. “ಇದು ಬ್ರೆಜಿಲ್‌ದು ಮೇಡಂ, ರೇಟ್ ಜಾಸ್ತಿ. ಇದು ನಮ್ಮ ತಮಿಳ್ನಾಡಿಂದು. ಪಾಲಿಶ್ ಆದಮೇಲೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ” ಅಂದರು. ಜೊತೆಗೆ ಬಂದಿದ್ದ ನಮ್ಮ ಭಾವ ತಕ್ಷಣ, “ಅದರಲ್ಲಿ ಆಶ್ಚರ್ಯ ಏನಿದೆ? ಒಂದು ಕಾಲಕ್ಕೆ ಎಲ್ಲ ಒಂದೇ ಭೂಮಿ ಆಗಿತ್ತಲ್ವಾ, ಗೊಂಡ್ವಾನ. ಅದೇ ಕಲ್ಲು ಅಲ್ಲೂ ಇದೆ, ಇಲ್ಲೂ ಇದೆ” ಅಂದರು. ನಾವು ತಮಿಳುನಾಡಿನದನ್ನೇ ತಗೊಂಡೆವು. ಚದರ ಅಡಿ ಲೆಕ್ಕ ಮುಂದೆ ಗೊಂಡ್ವಾನ ನಿಲ್ಲುವುದಿಲ್ಲ.

ಆದರೆ ಭಾವನ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಭಾರತ, ಬ್ರೆಜಿಲ್, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಒಂದೇ ಭೂಖಂಡದಲ್ಲಿ ಇದ್ದವು ಅನ್ನುವುದರ ಬಗ್ಗೆ ಈಗ ಜಗಳವಿಲ್ಲ. ಆದರೆ ಅದಕ್ಕೆ ಆ ಎರಡು ಸ್ಲ್ಯಾಬು ಸಾಕ್ಷಿ ಆಗುತ್ತವಾ? ಆಗುವುದಿಲ್ಲ. ಹಳೆಯ ಕಲ್ಲು ಭೂಮಿಯ ಆಳದಲ್ಲಿ ಕಾದು, ಒತ್ತಡಕ್ಕೆ ಸಿಕ್ಕಿ, ಅರ್ಧ ಕರಗಿ ಮಡಚಿಕೊಂಡರೆ ಇಂಥ ಪಟ್ಟೆಗಳು ಬರುತ್ತವೆ. ಅದು ನಾರ್ವೆಯಲ್ಲೂ ಆಗಿದೆ, ಕೆನಡಾದಲ್ಲೂ ಆಗಿದೆ. ನೋಡೋಕೆ ಒಂದೇ ಥರ ಇದೆ ಅಂದ ಮಾತ್ರಕ್ಕೆ ಒಂದೇ ಕಡೆ ಹುಟ್ಟಿದ್ದು ಅಂತ ಹೇಳಲಾಗದು. ಹಾಗಾದರೆ ಯಾವುದು ಸಾಕ್ಷಿ? ಎರಡು ನೆಲಗಳು ಒಂದು ಕಾಲಕ್ಕೆ ಅಂಟಿಕೊಂಡಿದ್ದವು ಅಂತ ನಂಬಲು ನಮಗೆ ಏನು ಸಿಗಬೇಕು? ಈ ಪ್ರಶ್ನೆಯ ಹಿಂದೆ ಬಿದ್ದಾಗ ಗೊತ್ತಾಗಿದ್ದು ಏನೆಂದರೆ, ವಿಜ್ಞಾನಿಗಳೂ ಬಹಳ ಕಾಲ ಭಾವನ ಹಾಗೇ ಯೋಚಿಸಿದ್ದರು. ತೀರ್ಪು ಸರಿ ಇತ್ತು, ಕಟಕಟೆ ಹತ್ತಿಸಿದ ಸಾಕ್ಷಿಯೇ ಬೇರೆ.

ಕಾಡುಪಾಪದ ತಪ್ಪಿಲ್ಲ

ಆ ಸಾಕ್ಷಿ ನಮ್ಮ ಊರಲ್ಲೇ ಇದೆ. ಕಾಡುಪಾಪ. ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು, ಬಾಲವಿಲ್ಲದ ಪುಟ್ಟ ಪ್ರಾಣಿ. ಹಗಲೆಲ್ಲ ಮರದಲ್ಲಿ ಮುದುಡಿ ಮಲಗಿ, ರಾತ್ರಿ ಹುಳ ಹಿಡಿಯಲು ಹೊರಡುತ್ತದೆ. ತುಮಕೂರಿನ ಕಡೆ ತೋಟಗಳಲ್ಲಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲೂ ಇದೆ. ಟಾರ್ಚ್ ಬೆಳಕು ಬಿದ್ದರೆ ಎರಡು ಕೆಂಪು ಚುಕ್ಕೆ ಹೊಳೆಯುತ್ತವೆ. ಅದು ಜಿಗಿಯುವುದಿಲ್ಲ, ಓಡುವುದಿಲ್ಲ. ಒಂದು ಕೈ ಗಟ್ಟಿಯಾಗಿ ಹಿಡಿದ ಮೇಲೇ ಇನ್ನೊಂದು ಕೈ ಬಿಡುತ್ತದೆ.

ಇದರ ದೂರದ ನೆಂಟರು ಮಡಗಾಸ್ಕರ್‌ನ ಲೀಮರ್‌ಗಳು. 1864ರಲ್ಲಿ ಫಿಲಿಪ್ ಸ್ಕ್ಲೇಟರ್ ಎಂಬ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಿಗೆ ಇದೇ ತಲೆನೋವಾಯಿತು. ಮಡಗಾಸ್ಕರ್‌ನಲ್ಲಿ ಲೀಮರ್‌ಗಳು ರಾಶಿರಾಶಿ. ಕೂಗಳತೆಯಲ್ಲಿರುವ ಆಫ್ರಿಕಾದಲ್ಲಿ ಈ ಬಳಗದವು ಕೆಲವೇ ಕೆಲವು. ಆದರೆ ಸಮುದ್ರದಾಚೆ ಇಷ್ಟು ದೂರದ ಭಾರತದಲ್ಲಿ ಅವುಗಳ ನೆಂಟರಿದ್ದಾರೆ. ಹಾಗಾದರೆ ನಡುವೆ ಒಂದು ಭೂಮಿ ಇದ್ದಿರಬೇಕು, ಅದು ಹಿಂದೂ ಮಹಾಸಾಗರದಲ್ಲಿ ಮುಳುಗಿರಬೇಕು ಅಂದರು. ಅದಕ್ಕೆ ಲೆಮೂರಿಯಾ ಅಂತ ಹೆಸರಿಟ್ಟರು. ಈಗ ನಗು ಬರಬಹುದು. ಆಗಿನ ಕಾಲಕ್ಕೆ ಅದು ಅಂಥ ಪೆದ್ದು ಮಾತಲ್ಲ. ಬೆಟ್ಟದ ತುದಿಯಲ್ಲಿ ಕಪ್ಪೆಚಿಪ್ಪು ಸಿಗುತ್ತಿತ್ತು, ಅಂದರೆ ನೆಲ ಏಳುತ್ತದೆ, ಮುಳುಗುತ್ತದೆ ಅಂತ ಎಲ್ಲರೂ ಒಪ್ಪಿದ್ದರು. ನೆಲ ಅಡ್ಡಡ್ಡ ಸರಿಯುತ್ತದೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಗೊಂಡ್ವಾನ ಭೂಖಂಡ ಅಂತ ಹೆಸರಿಟ್ಟ ಎಡ್ವರ್ಡ್ ಸ್ಯೂಸ್ ಕೂಡ ನಡುವಿನ ನೆಲ ಕುಸಿದು ಸಮುದ್ರವಾಯಿತು ಅಂತಲೇ ತಿಳಿದಿದ್ದರು.

ಲೆಮೂರಿಯಾ ಆಮೇಲೆ ವಿಜ್ಞಾನದ ಕೈತಪ್ಪಿ ಎಲ್ಲೆಲ್ಲೋ ಅಲೆಯಿತು. ಅಧ್ಯಾತ್ಮದವರ ಕೈಗೆ ಹೋಯಿತು, ಸಮುದ್ರ ನುಂಗಿತು ಅಂತ ತಮಿಳರು ಹೇಳುವ ಕುಮರಿ ಕಂಡದ ಜೊತೆ ಬೆರೆಯಿತು, ಈಗ ವಾಟ್ಸಾಪಿನಲ್ಲಿ ನೆಲೆ ನಿಂತಿದೆ. ನಮ್ಮ ದೊಡ್ಡಪ್ಪ ನಿವೃತ್ತ ವಕೀಲರು. ಮನೆಯವರು ಯಾರೇ ಒಂದು ಮಾತು ಹೇಳಿದರೂ “ನೀನು ಕಣ್ಣಾರೆ ನೋಡಿದ್ಯಾ?” ಅಂತ ಪಾಟೀಸವಾಲು ಹಾಕುವವರು. ಅಂಥವರೇ ಮನೆಯ ಗ್ರೂಪಿಗೆ ಒಂದು ನಕ್ಷೆ ಹಾಕಿದ್ದರು. ಕನ್ಯಾಕುಮಾರಿಯಿಂದ ಮಡಗಾಸ್ಕರ್‌ವರೆಗೆ ಹಸಿರು ಬಣ್ಣ ಬಳಿದ ನೆಲ, ಕೆಲವು ಸಾವಿರ ವರ್ಷಗಳ ಹಿಂದೆ ಮುಳುಗಿತಂತೆ. ಸಾವಿರ ಎಲ್ಲಿ, ಕೋಟಿ ಎಲ್ಲಿ! ಮಡಗಾಸ್ಕರ್ ನಮ್ಮನ್ನು ಬಿಟ್ಟು ಹೋಗಿ ಸುಮಾರು 9 ಕೋಟಿ ವರ್ಷ ಆಗಿದೆ.

ಈ ವರ್ಷಗಳ ಲೆಕ್ಕದಲ್ಲೇ ಸ್ಕ್ಲೇಟರ್ ಅವರ ಸಾಕ್ಷಿ ಬಿದ್ದುಹೋಗುವುದು. ವಂಶವಾಹಿ ನೋಡಿ ಲೆಕ್ಕ ಹಾಕಿದರೆ ಲೀಮರ್‌ಗಳ ಪೂರ್ವಜರು ಮಡಗಾಸ್ಕರ್ ಮುಟ್ಟಿದ್ದು ಹೆಚ್ಚೂಕಡಿಮೆ 5ರಿಂದ 6 ಕೋಟಿ ವರ್ಷಗಳ ಹಿಂದೆ. ಅಷ್ಟು ಹೊತ್ತಿಗೆ ಆ ದ್ವೀಪ ಆಫ್ರಿಕಾದಿಂದಲೂ ಬೇರೆಯಾಗಿ, ಭಾರತದಿಂದಲೂ ಬೇರೆಯಾಗಿ ಒಂಟಿಯಾಗಿತ್ತು. ಅಂದರೆ ನಡೆದು ಹೋಗಿಲ್ಲ, ಆಫ್ರಿಕಾದಿಂದ ಸಮುದ್ರ ದಾಟಿ ಹೋಗಿವೆ. ಹೇಗೆ ಅಂದರೆ, ಪ್ರವಾಹಕ್ಕೆ ಬುಡಸಮೇತ ಕಿತ್ತು ತೇಲಿದ ಮರಗಳ ಮೇಲೆ. ಇದು ಸುಮ್ನೆ ಕಟ್ಟಿದ ಕಥೆ ಅನ್ನಿಸಬಹುದು. 1995ರಲ್ಲಿ ಕೆರಿಬಿಯನ್ ಕಡೆ ಚಂಡಮಾರುತ ಬಂದ ಮೇಲೆ, ಮರಗಳ ದೊಡ್ಡ ರಾಶಿಯೊಂದು ತೇಲಿಕೊಂಡು ಆಂಗ್ವಿಲಾ ದ್ವೀಪಕ್ಕೆ ಬಂತು. ಅದರ ಮೇಲೆ ಹಸಿರು ಇಗ್ವಾನಾಗಳು ಕೂತಿದ್ದವು. ಆ ದ್ವೀಪದಲ್ಲಿ ಮೊದಲು ಆ ಜಾತಿಯೇ ಇರಲಿಲ್ಲ. ಅಲ್ಲಿನ ಮೀನುಗಾರರು ಅವು ದಡ ಹತ್ತುವುದನ್ನು ನೋಡಿದ್ದಾರೆ. ದೊಡ್ಡಪ್ಪನ ಭಾಷೆಯಲ್ಲಿ, ಕಣ್ಣಾರೆ ಕಂಡ ಸಾಕ್ಷಿ.

ಸವಣೂರಿನ ದೊಡ್ಡ ಹುಣಸೆ ಮರ ನೋಡಿದವರಿಗೂ ಇದೇ ಆಸೆ ಹುಟ್ಟುತ್ತದೆ. ಆನೆ ಕಾಲಿನಂಥ ಆ ಬಾವೊಬಾಬ್ ಮರಗಳ ಕುಲ ಇರುವುದು ಆಫ್ರಿಕಾ, ಮಡಗಾಸ್ಕರ್, ಆಸ್ಟ್ರೇಲಿಯಾಗಳಲ್ಲಿ. ಗೊಂಡ್ವಾನದ ಉಳಿಕೆ ಅಂದುಬಿಟ್ಟರೆ ಎಷ್ಟು ಚೆನ್ನ! ಆದರೆ ಆಸ್ಟ್ರೇಲಿಯಾದ ಜಾತಿ ಬೇರೆಯಾಗಿದ್ದು ಭೂಖಂಡಗಳು ದೂರವಾದ ಎಷ್ಟೋ ಕಾಲದ ಮೇಲೆ. ಅದರ ಕಾಯಿ ಸಮುದ್ರದಲ್ಲಿ ತೇಲಿ ಹೋಗಿರಬೇಕು. ಸವಣೂರಿಗಂತೂ ಮನುಷ್ಯರೇ ತಂದಿದ್ದು.

ರಾಯಚೂರಿನ ಎಲೆ

ಹಾಗಾದರೆ ನಂಬುವಂಥ ಸಾಕ್ಷಿ ಯಾವುದು ಅಂದಾಗ ನನಗೆ ನೆನಪಾಗುವುದು ಶಕ್ತಿನಗರದ ಬೇಸಿಗೆ ರಜೆ. ನಮ್ಮ ಸೋದರಮಾವ ರಾಯಚೂರು ಥರ್ಮಲ್‌ನಲ್ಲಿ ಕಲ್ಲಿದ್ದಲು ಇಳಿಸುವ ವಿಭಾಗದಲ್ಲಿದ್ದರು. ಸಂಜೆ ಮನೆಗೆ ಬಂದರೆ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ರೆಪ್ಪೆಯಂಚಲ್ಲಿ ಕಪ್ಪು. ಒಂದು ಸಲ ಟಿಫಿನ್ ಚೀಲದಿಂದ ಬೂದು ಬಣ್ಣದ ಚಪ್ಪಟೆ ಕಲ್ಲು ತೆಗೆದು ನನ್ನ ಕೈಗಿಟ್ಟರು. ವ್ಯಾಗನ್‌ಗಳಲ್ಲಿ ಕಲ್ಲಿದ್ದಲಿನ ಜೊತೆ ಇಂಥ ಕಲ್ಲೂ ಬರುತ್ತವೆ, ಆರಿಸಿ ಬಿಸಾಡುತ್ತಾರೆ. ಅದರ ಮೇಲೆ ಒಂದು ಎಲೆ ಇತ್ತು. ನನ್ನ ಬೆರಳಿಗಿಂತ ಸ್ವಲ್ಪ ಉದ್ದ, ನಾಲಿಗೆಯ ಆಕಾರ. ನಡುವೆ ದಪ್ಪ ನರ, ಅದರ ಎರಡೂ ಕಡೆಗೆ ಬಲೆ ಹೆಣೆದ ಹಾಗೆ ಸಣ್ಣ ಸಣ್ಣ ನರಗಳು. ಉಗುರಿನಿಂದ ಸವರಿದರೆ ನಡುನರ ತಾಕುತ್ತಿತ್ತು. ಮಾವಿನ ಎಲೆ ಅಂದೆ. “ಮಾವು ಹುಟ್ಟಿರಲಿಲ್ಲವ್ವ ಆಗ. ಡೈನೋಸಾರ್‌ಕಿಂತ ಹಳೇದಂತ ಇದು, ನಮ್ಮ ಎಂಜಿನಿಯರ್ ಹೇಳ್ಯಾರ” ಅಂದರು. ಅತ್ತೆಗೆ ಮಾತ್ರ ಆ ಕಲ್ಲಿನ ಪುಡಿ ಹಾಸಿಗೆ ಮೇಲೆ ಉದುರಿದ್ದೇ ಚಿಂತೆ.

ಆ ಎಲೆ ಗ್ಲಾಸಾಪ್ಟೆರಿಸ್ ಅನ್ನುವ, ಈಗ ಅಳಿದುಹೋದ ಮರದ್ದು ಇರಬೇಕು ಅಂತ ಬಹಳ ವರ್ಷ ಕಳೆದ ಮೇಲೆ ಚಿತ್ರ ನೋಡಿ ಅಂದುಕೊಂಡೆ. ರಾಯಚೂರಿಗೆ ಕಲ್ಲಿದ್ದಲು ಬರುವುದು ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ. ಆ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷ ಹಿಂದಿನ ಈ ಮರಗಳ ಕಾಡೇ. ಬೆಂಗಳೂರಿನ ಎಷ್ಟೋ ರಾತ್ರಿ ದೀಪಗಳಲ್ಲಿ ಈ ಎಲೆಗಳು ಉರಿದಿವೆ. ಇದೇ ಮರದ ಎಲೆ ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಸಿಗುತ್ತದೆ. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಕಥೆಯಂತೂ ಕರುಳು ಹಿಂಡುವಂಥದ್ದು. ದಕ್ಷಿಣ ಧ್ರುವ ಮೊದಲು ಮುಟ್ಟುವ ಪೈಪೋಟಿಯಲ್ಲಿ ಸೋತು ವಾಪಸಾಗುತ್ತಿದ್ದ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ತಂಡ 1912ರ ಫೆಬ್ರುವರಿಯಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಹತ್ತಿರ ಕಲ್ಲು ಆರಿಸಿಕೊಂಡಿತು. ಊಟ ಕಮ್ಮಿಯಾಗಿ, ಕಾಲು ಹೆಪ್ಪುಗಟ್ಟಿ, ಒಬ್ಬೊಬ್ಬರೇ ಸಾಯುತ್ತಿದ್ದಾಗಲೂ ಆ 16 ಕಿಲೋ ಕಲ್ಲನ್ನು ಎಸೆಯಲಿಲ್ಲ. ಹೆಣಗಳು ಸಿಕ್ಕಿದ ಗುಡಾರದ ಹತ್ತಿರವೇ ಕಲ್ಲುಗಳೂ ಸಿಕ್ಕವು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಇತ್ತು.

ಎಲೆಯ ಮೇಲೂ ತಕರಾರು ಎತ್ತಬಹುದು. ಬೀಜ ಗಾಳಿಯಲ್ಲಿ ಹಾರಿ ಹೋಗಿರಬಹುದಲ್ಲ? ಅದು ಧೂಳಿನಂಥ ಬೀಜವಲ್ಲ, ಸಾಗರ ದಾಟಿಸಲು ಗಾಳಿಗೆ ಕಷ್ಟ. ಅದೂ ಐದು ಭೂಖಂಡಕ್ಕೆ, ಇಡೀ ಕಾಡಿಗೆ ಕಾಡೇ. ಆಮೇಲೆ ಪ್ರಾಣಿಯೂ ಸಿಕ್ಕಿತು. ಲಿಸ್ಟ್ರೋಸಾರಸ್ ಅಂತ, ಹಂದಿ ಗಾತ್ರದ, ಎರಡು ಕೋರೆಯ, ಮೋಟು ಕಾಲಿನ ಸೊಪ್ಪು ತಿನ್ನುವ ಜೀವ. ಅದರ ಮೂಳೆ ದಕ್ಷಿಣ ಆಫ್ರಿಕಾದಲ್ಲಿದೆ, ನಮ್ಮ ದಾಮೋದರ ಕಣಿವೆಯಲ್ಲಿದೆ, 1969ರಲ್ಲಿ ಅಂಟಾರ್ಕ್ಟಿಕಾದಲ್ಲೂ ಸಿಕ್ಕಿತು. ಅದು ಸಾವಿರಾರು ಕಿಲೋಮೀಟರ್ ಈಜಿತು ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ನನಗೆ ಇವೆರಡಕ್ಕಿಂತ ಗಟ್ಟಿ ಅನ್ನಿಸುವುದು ಹಿಮದ ಗೀರು. 1856ರಲ್ಲಿ ಒಡಿಶಾದ ತಾಲ್ಚೇರ್ ಹತ್ತಿರ ಭೂವಿಜ್ಞಾನಿಗಳಿಗೆ ಒಂದು ವಿಚಿತ್ರ ಪದರ ಕಂಡಿತು. ನಯವಾದ ಮಣ್ಣಿನಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹೂತಿದ್ದವು. ಹೊಳೆ ತಂದಿದ್ದಾದರೆ ಗಾತ್ರಕ್ಕೆ ತಕ್ಕ ಹಾಗೆ ಬೇರೆಬೇರೆಯಾಗಿ ಕೂರಬೇಕಿತ್ತು. ಇದು ಹಿಮ ತಂದು ಸುರಿದದ್ದು ಅಂದರು. ಒಡಿಶಾದಲ್ಲಿ ಹಿಮ! ಏಪ್ರಿಲ್‌ನಲ್ಲಿ ತಾಲ್ಚೇರ್‌ಗೆ ಹೋದವರನ್ನು ಕೇಳಿ. ಆಮೇಲೆ ದಕ್ಷಿಣ ಆಫ್ರಿಕಾ, ಬ್ರೆಜಿಲ್, ಆಸ್ಟ್ರೇಲಿಯಾದಲ್ಲೂ ಅದೇ ಕಾಲದ ಹಿಮದ ಗುರುತು ಸಿಕ್ಕವು. ಹಿಮನದಿ ತಳದ ಬಂಡೆಯನ್ನು ಗೀರುತ್ತಾ ಸಾಗುತ್ತದೆ, ಆ ಗೀರು ನೋಡಿ ದಿಕ್ಕು ಹೇಳಬಹುದು. ಇಂದಿನ ನಕ್ಷೆ ಇಟ್ಟುಕೊಂಡರೆ ಬ್ರೆಜಿಲ್‌ನಲ್ಲಿ ಹಿಮ ಸಮುದ್ರದಿಂದ ನೆಲ ಹತ್ತಿದೆ. ಭಾರತದಲ್ಲಿ ಸಮಭಾಜಕದ ಕಡೆಯಿಂದ ಉತ್ತರಕ್ಕೆ ಹರಿದಿದೆ. ಎರಡೂ ಆಗದ ಮಾತು. ಎಲ್ಲ ಭೂಖಂಡಗಳನ್ನು ದಕ್ಷಿಣ ಧ್ರುವದ ಸುತ್ತ ಒಟ್ಟಿಗೆ ಇಟ್ಟು ನೋಡಿ, ಗೀರುಗಳೆಲ್ಲ ಒಂದು ದೊಡ್ಡ ಹಿಮರಾಶಿಯಿಂದ ಹೊರಕ್ಕೆ ಹೋಗುತ್ತವೆ. ಮುಳುಗಿದ ಸೇತುವೆಯ ವಾದ ಇಲ್ಲಿ ಸೋಲುತ್ತದೆ. ನಡುವೆ ಎಷ್ಟು ನೆಲ ತುಂಬಿಸಿದರೂ ಒಡಿಶಾ ತಣ್ಣಗಾಗುವುದಿಲ್ಲ. ಒಡಿಶಾವೇ ಬೇರೆ ಕಡೆ ಇದ್ದಿರಬೇಕು.

ಭೂಖಂಡಗಳೇ ಸರಿಯುತ್ತವೆ ಅಂತ 1912ರಲ್ಲೇ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಹೇಳಿದರು. ಅವರನ್ನು ನಂಬದೆ ಸತಾಯಿಸಿದ ಕಥೆ ಶಾಲೆ ಪುಸ್ತಕದಲ್ಲೇ ಇದೆ, ಬಿಡಿ. ಅವರು ಕೊಟ್ಟ ಒಂದು ಹೋಲಿಕೆ ಮಾತ್ರ ನನಗೆ ಬಹಳ ಇಷ್ಟ. ಹರಿದ ಪೇಪರಿನ ಚೂರುಗಳನ್ನು ಜೋಡಿಸುವಾಗ ಅಂಚು ಕೂಡಿದರೆ ಸಾಲದು, ಅಚ್ಚಾದ ಸಾಲುಗಳೂ ಕೂಡಬೇಕು ಅಂದರು ಅವರು.

ಮಲ್ಪೆಯ ಅಂಚು

ಭಾರತ ಮತ್ತು ಮಡಗಾಸ್ಕರ್ ವಿಷಯದಲ್ಲಿ ಹರಿದ ಅಂಚು ನಮ್ಮ ರಾಜ್ಯದಲ್ಲೇ ಇದೆ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗದ ಬೆಂಗಳೂರಿನವರು ಕಮ್ಮಿ. ಆದರೆ ಅಲ್ಲಿ ಬಂಡೆ ನೋಡುವವರೂ ಕಮ್ಮಿ, ಬಂಡೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ. ನಾವು ಹೋದಾಗ ಒಂದು ಹುಡುಗಿ ಆ ಕಲ್ಲಿನ ಕಂಬಗಳನ್ನು ಯಾರು ಕೆತ್ತಿದ್ದು ಅಂತ ಅವರಪ್ಪನನ್ನು ಕೇಳುತ್ತಿದ್ದಳು. ಅಪ್ಪ ರಾಜರ ಕಾಲದ್ದು ಇರಬೇಕು ಅಂದರು. ಬೋಟಿನವರು ತಡೆಯಲಾಗದೆ, “ಯಾರೂ ಕೆತ್ತಿದ್ದಲ್ಲ ಮಾರಾಯ್ರೆ, ಲಾವಾ ತಣ್ಣಗಾಗಿ ಹೀಗೆ ಒಡೆದದ್ದು” ಅಂದರು. ಸರಿಯಾಗಿ ಹೇಳಿದರು. ದಪ್ಪನೆಯ ಲಾವಾ ನಿಧಾನಕ್ಕೆ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ಆ ಬಿರುಕು ಕೆಳಗೆ ಇಳಿದಂತೆ ಐದು, ಆರು, ಏಳು ಮುಖದ ಕಂಬಗಳಾಗುತ್ತವೆ. ಹತ್ತಿರ ಕೂತು ಮುಟ್ಟಿ ನೋಡಿದೆ. ಮೂಲೆಗಳು ಇನ್ನೂ ಚೂಪಾಗಿವೆ. ಸಮುದ್ರ ಬಡಿಯುವ ಕಡೆ ಮಾತ್ರ ಸವೆದಿವೆ. ಒಂದು ಕಂಬ ಮುರಿದ ಜಾಗದಲ್ಲಿ ಅಡಿಯಲ್ಲಿದ್ದ ಕಂಬದ ತಲೆ ಕಾಣುತ್ತಿತ್ತು, ಅದರ ಮೇಲೆ ಯಾರೋ ಚುರುಮುರಿ ಪೊಟ್ಟಣ ಬಿಟ್ಟು ಹೋಗಿದ್ದರು.

ಈ ಕಲ್ಲಿನ ವಯಸ್ಸನ್ನು ಬೇರೆಬೇರೆ ವಿಧಾನದಲ್ಲಿ ಅಳೆದಿದ್ದಾರೆ. ಎಲ್ಲವೂ 8.5ರಿಂದ 9.3 ಕೋಟಿ ವರ್ಷಗಳ ಆಸುಪಾಸಲ್ಲಿವೆ. ಮಡಗಾಸ್ಕರ್‌ನಲ್ಲೂ ಅದೇ ಕಾಲದಲ್ಲಿ ದೊಡ್ಡ ಪ್ರಮಾಣದಲ್ಲಿ ಲಾವಾ ಹರಿದಿದೆ. ಅಡಿಯಿಂದ ಬಿಸಿ ನುಗ್ಗಿತು, ನೆಲ ಜಗ್ಗಿತು, ಸೀಳಿತು, ಸೀಳಿನಲ್ಲಿ ಲಾವಾ ಉಕ್ಕಿತು. ಒಂದು ಭಾಗ ಮಡಗಾಸ್ಕರ್ ಆಗಿ ಅಲ್ಲೇ ಉಳಿಯಿತು. ಇನ್ನೊಂದು, ಅಂದರೆ ನಾವು, ಉತ್ತರಕ್ಕೆ ಹೊರಟೆವು. ಲೀಮರ್‌ಗಿಂತ ಈ ಸಾಕ್ಷಿ ಯಾಕೆ ಮೇಲು ಅಂದರೆ, ಲಾವಾ ಮರ ಹತ್ತಿ ತೇಲಿಕೊಂಡು ಹೋಗುವುದಿಲ್ಲ. ಅದು ಹುಟ್ಟಿದಲ್ಲೇ ಇರುತ್ತದೆ, ಹುಟ್ಟಿದ ತಾರೀಖನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ಬೇರೆಯಾದ ತಾರೀಖು ಗೊತ್ತಾದ ಮೇಲೆ ಉಳಿದ ಸಾಕ್ಷಿಗಳನ್ನೆಲ್ಲ ಅದರ ಮುಂದೆ ನಿಲ್ಲಿಸಿ ವಿಚಾರಿಸಬಹುದು. ಲೀಮರ್ ಅಲ್ಲಿ ಫೇಲಾಯಿತು. 2003ರಲ್ಲಿ ಕೇರಳದ ಘಟ್ಟದಲ್ಲಿ ಗುರುತಿಸಿದ ನೇರಳೆ ಕಪ್ಪೆ ಪಾಸಾಯಿತು. ಅದರ ಹತ್ತಿರದ ಬಂಧುಗಳು ಇರುವುದು ಸೆಷೆಲ್ಸ್ ದ್ವೀಪಗಳಲ್ಲಿ, ಸೆಷೆಲ್ಸ್ ನಮ್ಮಿಂದ ಕಳಚಿಕೊಂಡಿದ್ದು ಸುಮಾರು 6.3 ಕೋಟಿ ವರ್ಷ ಹಿಂದೆ, ಈ ಎರಡು ಕಪ್ಪೆ ವಂಶಗಳು ಕವಲೊಡೆದಿದ್ದು ಅದಕ್ಕೂ ಮೊದಲು. ಉಪ್ಪುನೀರು ಕಪ್ಪೆಯ ಚರ್ಮಕ್ಕೆ ಆಗುವುದಿಲ್ಲ ಅನ್ನುವುದನ್ನೂ ಸೇರಿಸಿ ಹೇಳುತ್ತಾರೆ. ನಾನು ಆ ವಾದವನ್ನು ಜಾಸ್ತಿ ನೆಚ್ಚುವುದಿಲ್ಲ. ಎಂದೂ ಯಾವ ಭೂಖಂಡಕ್ಕೂ ಅಂಟಿಕೊಂಡಿರದ ಮಯೋಟ್ ಅನ್ನುವ ಜ್ವಾಲಾಮುಖಿ ದ್ವೀಪದಲ್ಲೂ ಕಪ್ಪೆಗಳಿವೆ. ಹೇಗೋ ದಾಟಿವೆ.

ನಾವು ಉತ್ತರಕ್ಕೆ ಬಂದಿದ್ದಕ್ಕೂ ದಾಖಲೆ ಇದೆ, ಅದು ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲಿನಲ್ಲಿದೆ. ಲಾವಾ ಗಟ್ಟಿಯಾಗಿ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳ ಕಾಂತತ್ವ ಆಗಿನ ಭೂಕಾಂತದ ದಿಕ್ಕಿಗೆ ನಿಂತುಬಿಡುತ್ತದೆ. ಅದು ಎಷ್ಟು ವಾಲಿದೆ ಅಂತ ಅಳೆದರೆ ಆ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಅಂತ ಗೊತ್ತಾಗುತ್ತದೆ. 1950ರ ದಶಕದಲ್ಲಿ ಈ ಡೆಕ್ಕನ್ ಲಾವಾ ಕಲ್ಲುಗಳನ್ನು ಹೀಗೆ ಅಳೆದರು. ಸಮಭಾಜಕದಿಂದ ದಕ್ಷಿಣಕ್ಕೆ ಸುಮಾರು 30 ಡಿಗ್ರಿ ಅಂತ ಬಂತು. ಗೋಳಗುಮ್ಮಟದ ಊರು ಈಗ ಇರುವುದು ಉತ್ತರಕ್ಕೆ 17 ಡಿಗ್ರಿ ಹತ್ತಿರ.

ಲಾಲ್‌ಬಾಗ್ ಬಂಡೆಯ ನೆಂಟಸ್ತಿಕೆ

ಲಾಲ್‌ಬಾಗ್ ಬಂಡೆ ಬಗ್ಗೆ ಬೋರ್ಡೇ ಇದೆ, 300 ಕೋಟಿ ವರ್ಷ ಅಂತ. ಕೆಂಪೇಗೌಡರ ಗೋಪುರಕ್ಕೆ ಹತ್ತುವಾಗ ಕಾಲಡಿ ನೋಡಿದರೆ ಅಲ್ಲೂ ಜಿಗಣಿಯ ಸ್ಲ್ಯಾಬಿನ ಹಾಗೇ ಕಪ್ಪು ಬಿಳಿ ಪಟ್ಟೆಗಳು, ಕೆಲವು ಕಡೆ ಹಿಂಡಿದ ಬಟ್ಟೆಯ ಹಾಗೆ ತಿರುಚಿವೆ. ಮಡಗಾಸ್ಕರ್‌ನ ಈಶಾನ್ಯ ಅಂಚಿನಲ್ಲಿ ಆಂಟೊಂಗಿಲ್ ಕೊಲ್ಲಿ ಅಂತ ಒಂದಿದೆ. ಅಲ್ಲಿಯ ಹಳೆಯ ಬಂಡೆಗಳನ್ನು ಭೂವಿಜ್ಞಾನಿಗಳು ಲಾಲ್‌ಬಾಗ್ ಬಂಡೆಯೂ ಸೇರಿದ ನಮ್ಮ ಧಾರವಾಡ ಶಿಲಾಖಂಡದ ತುಂಡು ಅಂತಲೇ ಗುರುತಿಸುತ್ತಾರೆ. ನೋಡಲು ಒಂದೇ ಥರ ಇವೆ ಅಂತಲ್ಲ. 300 ಕೋಟಿ ವರ್ಷಕ್ಕೂ ಹಳೆಯ ಬಂಡೆ, ಅದನ್ನು ಸೀಳಿಕೊಂಡು ಬಂದ ಸುಮಾರು 250 ಕೋಟಿ ವರ್ಷದ ಗ್ರಾನೈಟ್, ಎರಡೂ ಘಟನೆಗಳು ಎರಡೂ ಕಡೆ ಒಂದೇ ಕ್ರಮದಲ್ಲಿ, ಅದೇ ಕಾಲದಲ್ಲಿ ಆಗಿವೆ. ರಾಮನಗರದ ಬೆಟ್ಟಗಳು ನಮ್ಮ ಕಡೆಯ ಆ 250 ಕೋಟಿಯವು. ವೆಗೆನರ್ ಹೇಳಿದ ಅಚ್ಚಿನ ಸಾಲು ಇದೇ.

ಈ ವಯಸ್ಸು ಹೇಳುವುದು ಜಿರ್ಕಾನ್ ಅನ್ನುವ ಹರಳು. ಮರಳಿನ ಕಣದಷ್ಟಿರುತ್ತದೆ. ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಒಳಗೆ ಸೀಸ ಸಿಕ್ಕರೆ ಅದು ಯುರೇನಿಯಂ ಒಡೆದು ಆಗಿದ್ದೇ ಇರಬೇಕು. ಎಷ್ಟು ಒಡೆದಿದೆ ಅಂತ ನೋಡಿ ವರ್ಷ ಲೆಕ್ಕ ಹಾಕುತ್ತಾರೆ. ಕಲ್ಲು ಕರಗಿದರೂ ಈ ಹರಳು ಎಷ್ಟೋ ಸಲ ಉಳಿದುಬಿಡುತ್ತದೆ.

ಇದೇ ಹರಳಿನಿಂದ ಲೆಮೂರಿಯಾಕ್ಕೆ ಒಂದು ವಿಚಿತ್ರ ತಿರುವು ಸಿಕ್ಕಿತು. ಮಾರಿಷಸ್ ಜ್ವಾಲಾಮುಖಿಯಿಂದ ಎದ್ದ ದ್ವೀಪ, ಅಲ್ಲಿಯ ಕಲ್ಲಿಗೆ ಒಂದು ಕೋಟಿ ವರ್ಷವೂ ಇಲ್ಲ. 2013ರಲ್ಲಿ ಅಲ್ಲಿನ ಕಡಲತಡಿಯ ಮರಳಲ್ಲಿ ಸುಮಾರು 66ರಿಂದ 197 ಕೋಟಿ ವರ್ಷದ ಜಿರ್ಕಾನ್ ಸಿಕ್ಕವು. ದ್ವೀಪದ ಅಡಿಯಲ್ಲಿ ಹಳೆಯ ಭೂಖಂಡದ ಚೂರು ಇರಬೇಕು, ಅದನ್ನು ತೂರಿ ಬರುವಾಗ ಲಾವಾ ಹರಳನ್ನು ಎಳೆದು ತಂದಿದೆ ಅಂದರು. ಆ ಚೂರಿಗೆ ಮಾರಿಷಿಯಾ ಅಂತ ಹೆಸರಿಟ್ಟರು. ಭಾರತ ಮತ್ತು ಮಡಗಾಸ್ಕರ್ ನಡುವೆ ಇದ್ದದ್ದು, ಸೀಳಿದಾಗ ಜಗ್ಗಿ ತೆಳ್ಳಗಾಗಿ ಮುಳುಗಿದ್ದು. ಮರಳಿಗೆ ಏನು ಗ್ಯಾರಂಟಿ, ಗಾಳಿಯಲ್ಲೋ ಯಾರದೋ ಚಪ್ಪಲಿಯಲ್ಲೋ ಬಂದಿರಬಹುದಲ್ಲ ಅಂತ ಆಕ್ಷೇಪ ಬಂತು. 2017ರಲ್ಲಿ ಲೂಯಿಸ್ ಆಶ್ವಾಲ್ ಮತ್ತು ಜೊತೆಯವರು ಅದೇ ದ್ವೀಪದ 60 ಲಕ್ಷ ವರ್ಷದ ಬಂಡೆಯನ್ನೇ ಒಡೆದು ಒಳಗಿನ ಜಿರ್ಕಾನ್ ತೋರಿಸಿದರು. ಕೆಲವಕ್ಕೆ 300 ಕೋಟಿ ವರ್ಷ, ನಮ್ಮ ಲಾಲ್‌ಬಾಗ್ ಬಂಡೆಯಷ್ಟೇ.

ಅಂದರೆ ಹಿಂದೂ ಮಹಾಸಾಗರದಲ್ಲಿ ಮುಳುಗಿದ ನೆಲ ಇದೆ. ಸ್ಕ್ಲೇಟರ್ ಅವರು ಅಂದುಕೊಂಡಷ್ಟು ದೊಡ್ಡದಲ್ಲ, ಅದರ ಮೇಲೆ ಲೀಮರ್ ನಡೆದಿಲ್ಲ, ಮನುಷ್ಯರಂತೂ ಹುಟ್ಟಿಯೇ ಇರಲಿಲ್ಲ. ಆದರೂ ಇದೆ. ಇದನ್ನು ಮನೆಯ ಗ್ರೂಪಿಗೆ ಹಾಕಬೇಕೋ ಬೇಡವೋ ಅಂತ ಇನ್ನೂ ತೀರ್ಮಾನಿಸಿಲ್ಲ. “ನಾನು ಹೇಳಲಿಲ್ವಾ” ಅಂತ ದೊಡ್ಡಪ್ಪ ಅದೇ ಹಸಿರು ನಕ್ಷೆಯನ್ನು ಮತ್ತೆ ಹಾಕುತ್ತಾರೆ. ಹಾಕುವುದಾದರೆ 2017ರದ್ದನ್ನೇ ಹಾಕಬೇಕು. ಮರಳಿನ ಸಾಕ್ಷಿ ಕೊಟ್ಟರೆ ಅವರೇ ಎದ್ದು ಆಕ್ಷೇಪಿಸುತ್ತಾರೆ.